ಹೊತ್ತು ದೇವರದು, ಓಗೊಡುವುದು ನಮ್ಮದು

(ದುಮ್ಮವಾಡದಲ್ಲಿ ನಡೆದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ನಾನು ಪ್ರವಚನಕಾರನಲ್ಲ. ಹುಬ್ಬಳ್ಳಿಯಲ್ಲಿ ಬಿ.ಇ. ಓದಿ, ಸರ್ಕಾರದಲ್ಲಿ ಎಂಜಿನಿಯರ್ ಆಗಿ ದುಡಿದು, 2018ರಲ್ಲಿ ನಿವೃತ್ತನಾಗಿ ಈ ಊರಿಗೆ ಮರಳಿದವನು. ಇಲ್ಲಿ ಕುಳಿತಿರುವ ಹಿರಿಯರಲ್ಲಿ ಕೆಲವರು ನನ್ನನ್ನು ಚಡ್ಡಿ ಹಾಕುವ ವಯಸ್ಸಿನಿಂದ ಬಲ್ಲವರು. ಹಾಗಾಗಿ ದೊಡ್ಡ ಮಾತು ಆಡುವ ಧೈರ್ಯ ನನಗಿಲ್ಲ. ಅಪ್ಪಗಳು ಎರಡು ವಿಷಯ ಕೊಟ್ಟಿದ್ದಾರೆ: ದೇವರ ಹೊತ್ತನ್ನು ನಂಬುವುದು ಹೇಗೆ, ಇನ್ನೊಬ್ಬರಿಗಾಗಿ ಪ್ರಾರ್ಥಿಸು ಎಂದು ಒಳಗಿನಿಂದ ಪ್ರೇರಣೆ ಬಂದಾಗ ಏನು ಮಾಡಬೇಕು. ನನ್ನ ಬದುಕಿನಲ್ಲಿ ಕಂಡದ್ದನ್ನು, ಅದರಲ್ಲೂ ನಾನು ತಪ್ಪಿದ್ದನ್ನು, ಹೇಳಿ ಮುಗಿಸುತ್ತೇನೆ.

ಮೊದಲು ನಮ್ಮ ಅಜ್ಜನ ಒಂದು ಮಾತು. ನಮ್ಮ ಭಾಗದಿಂದ ಉಳವಿ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುವುದು ನಿಮಗೆಲ್ಲ ಗೊತ್ತೇ ಇದೆ. ನಾನು ಏಳೆಂಟು ವರ್ಷದವನಿದ್ದಾಗ ಅಜ್ಜನ ಜೊತೆ ಹೋಗಿದ್ದೆ. ಸಂಜೆ ಕಾಡಿನ ದಾರಿಯಲ್ಲಿ ಅಜ್ಜ ಇದ್ದಕ್ಕಿದ್ದಂತೆ ಎತ್ತು ನಿಲ್ಲಿಸಿದ. "ಹಿಂದಿನ ಚಕ್ಕಡಿ ಗಂಟಿ ಕೇಳಸವಲ್ದಲ್ಲೋ" ಅಂದ. ಉಳಿದವರು, "ಬರ್ತಾರ ತಗೋರಿ, ಹೊತ್ತ ಮುಳಗತೈತಿ, ನಡೀರಿ" ಅಂದರು. ಅಜ್ಜ ಕೇಳಲಿಲ್ಲ. ಕಂದೀಲು ಹಿಡಿದು ಹಿಂದಕ್ಕೆ ನಡೆದೇಬಿಟ್ಟ. ಹಿಂದಿನ ಚಕ್ಕಡಿಯ ಗಾಲಿ ಹಳ್ಳದ ಉಸುಕಿನಲ್ಲಿ ಸಿಕ್ಕಿಕೊಂಡಿತ್ತು. ಅದರಲ್ಲಿ ಬಾಣಂತಿಯೊಬ್ಬಳಿದ್ದಳು. ಆಮೇಲೆ ನಾನು, "ಅಜ್ಜಾ, ನಿನಗ ಹೆಂಗ ಗೊತ್ತಾತು?" ಎಂದು ಕೇಳಿದರೆ, "ನನಗೇನ್ ಗೊತ್ತಿತ್ತೋ ತಮ್ಮಾ. ಗಂಟಿ ಕೇಳಲಿಲ್ಲ, ನೋಡಾಕ ಹೋದೆ. ಅಷ್ಟ" ಅಂದ.

ಈ "ಅಷ್ಟ" ಎಂಬ ಮಾತಿನ ಅರ್ಥ ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ಈಗ ದೇವರ ಹೊತ್ತಿನ ವಿಷಯ. ನಮ್ಮೂರ ಹತ್ತಿರವೇ ನೀರಸಾಗರ ಇದೆ. ಹುಬ್ಬಳ್ಳಿಗೆ ಕುಡಿಯುವ ನೀರು ಕೊಡಲು 1950ರ ದಶಕದಲ್ಲಿ ಬೇಡ್ತಿ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ್ದು. ಸವದತ್ತಿಯ ಮಲಪ್ರಭಾ ಜಲಾಶಯದ ನೀರು ಅವಳಿ ನಗರಕ್ಕೆ ಬರುವುದಕ್ಕೆ ಮುಂಚಿನಿಂದಲೂ ಆ ಊರಿನ ಬಾಯಾರಿಕೆಗೆ ನಮ್ಮ ಈ ಕೆರೆ ಆಸರೆ. ನಾನು ಎಂಜಿನಿಯರ್ ಆಗಬೇಕು ಎಂದು ಆಸೆಪಟ್ಟಿದ್ದು ಅದರ ಏರಿಯ ಮೇಲೆ ನಿಂತೇ.

2016 ಮತ್ತು 2017ರ ಬರ ನೆನಪಿರಬೇಕು. ಕೆರೆ ಬತ್ತಿಹೋಯಿತು. ನೀರು ನಿಲ್ಲುತ್ತಿದ್ದ ಜಾಗದಲ್ಲಿ ನೆಲ ಬಿರಿದು ಬಾಯಿ ಬಿಟ್ಟಿತ್ತು. ರಜೆಗೆ ಊರಿಗೆ ಬಂದಾಗಲೆಲ್ಲ ಕಟ್ಟೆಯ ಮೇಲೆ ಕೂತವರು, "ನೀ ಎಂಜಿನಿಯರ್ ಅದಿಯಪಾ, ಕೆರಿ ಯಾವಾಗ ತುಂಬತೈತಿ ಹೇಳು" ಎಂದು ಕೇಳುತ್ತಿದ್ದರು. ನಾನು ಜಲಾನಯನ ಪ್ರದೇಶ ಎಷ್ಟು, ಎಷ್ಟು ಮಳೆಗೆ ಎಷ್ಟು ನೀರು ಹರಿದು ಬರುತ್ತದೆ, ಹೂಳು ಎಷ್ಟು ತುಂಬಿದೆ ಎಂದೆಲ್ಲ ಲೆಕ್ಕ ಹೇಳುತ್ತಿದ್ದೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅವರು ಕೇಳಿದ್ದು "ಎಷ್ಟು" ಅಂತಲ್ಲ, "ಯಾವಾಗ" ಅಂತ. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ.

ಉತ್ತರ 2019ರ ಆಗಸ್ಟಿನಲ್ಲಿ ಬಂತು. ಉತ್ತರ ಕರ್ನಾಟಕವನ್ನೆಲ್ಲ ಮುಳುಗಿಸಿದ ಆ ಮಳೆಗೆ ನೀರಸಾಗರ ತುಂಬಿ ಕೋಡಿ ಬಿತ್ತು. ಎರಡು ವರ್ಷದ ಹಿಂದೆ ನೀರಿಗಾಗಿ ಮೊರೆ ಇಟ್ಟ ನಾವೇ ಈಗ "ಸಾಕಪ್ಪಾ" ಎಂದು ಕೈ ಮುಗಿದೆವು. ನಮಗೆ ಬೇಕಾದಾಗ ಬರಲಿಲ್ಲ, ನಮಗೆ ಸಾಕೆನಿಸಿದಾಗ ನಿಲ್ಲಲಿಲ್ಲ. ಅದರಲ್ಲಿ ಎಷ್ಟೋ ಜನ ಮನೆ ಕಳೆದುಕೊಂಡರು. ಅದನ್ನೂ ದೇವರ ಲೀಲೆ ಎಂದು ಹೇಳಿ ಕೈ ತೊಳೆದುಕೊಳ್ಳುವಷ್ಟು ಕಠಿಣ ಮನಸ್ಸು ನನಗಿಲ್ಲ. ನಾನು ಕಲಿತದ್ದು ಇಷ್ಟೇ: ಮಳೆಯ ಹೊತ್ತು ನನ್ನ ಕೈಯಲ್ಲಿಲ್ಲ. ಕಾಲುವೆಯ ಬಾಯಿಗೆ ಕಸ ಕಟ್ಟದ ಹಾಗೆ, ಏರಿ ಸೋರದ ಹಾಗೆ ನೋಡಿಕೊಳ್ಳುವುದು ನನ್ನ ಕೈಯಲ್ಲಿದೆ. ಮಳೆ ಬಂದ ದಿನ ಏರಿ ಒಡೆದಿದ್ದರೆ, ದೇವರು ತಡ ಮಾಡಿದ ಎಂದು ದೂರುವ ಬಾಯಿ ನಮಗಿರುತ್ತಿತ್ತೆ?

ಸ್ಲ್ಯಾಬ್ ಹಾಕಿಸಿದವರಿಗೆ ಇದು ಇನ್ನೂ ಬೇಗ ತಿಳಿಯುತ್ತದೆ. ಕಾಂಕ್ರೀಟಿನ ಪೂರ್ಣ ಬಲವನ್ನು ನಾವು 28 ದಿನಕ್ಕೆ ಲೆಕ್ಕ ಹಾಕುತ್ತೇವೆ. ಗೃಹಪ್ರವೇಶಕ್ಕೆ ಅವಸರ ಇದೆ ಎಂದು ಮೂರನೇ ದಿನಕ್ಕೆ ಸೆಂಟ್ರಿಂಗ್ ಬಿಚ್ಚಿದರೆ ತಲೆಯ ಮೇಲೆ ಬೀಳುತ್ತದೆ. ಹಾಗಂತ ಆ ದಿನಗಳಲ್ಲಿ ಸುಮ್ಮನೆ ಕೂಡುವಂತಿಲ್ಲ. ದಿನವೂ ನೀರು ಉಣಿಸಬೇಕು. ಕಾಯುವುದು ಬೇರೆ, ಕೈ ಕಟ್ಟಿ ಕೂಡುವುದು ಬೇರೆ.

ಇಲ್ಲಿ ಒಂದು ಎಚ್ಚರ ಬೇಕು. ದೇವರ ಹೊತ್ತು ಎಂದ ಕೂಡಲೇ ನಮ್ಮ ಜನ ಪಂಚಾಂಗ ತೆಗೆಯುತ್ತಾರೆ. ರಾಹುಕಾಲ, ಗುಳಿಕಕಾಲ, ಅಮಾವಾಸ್ಯೆ ಎನ್ನುತ್ತಾರೆ. ಬಸವಾದಿ ಶರಣರು ಒಂಬೈನೂರು ವರ್ಷಗಳ ಹಿಂದೆಯೇ ಶುಭ ಲಗ್ನ, ಅಶುಭ ಲಗ್ನಗಳ ಭಯವನ್ನು ಕಿತ್ತೊಗೆದರು. ಶಿವನು ಮಾಡಿದ ಹೊತ್ತಿನಲ್ಲಿ ಕೆಟ್ಟ ಹೊತ್ತು ಎಂಬುದಿಲ್ಲ. ಮುಹೂರ್ತ ಹುಡುಕುವವನು ದೇವರ ಹೊತ್ತನ್ನು ನಂಬುತ್ತಿಲ್ಲ. ದೇವರ ಹೊತ್ತು ತನಗೆ ಮೊದಲೇ ಗೊತ್ತಾಗಲಿ, ತನ್ನ ಅನುಕೂಲಕ್ಕೆ ಬರಲಿ ಎಂದು ಬಯಸುತ್ತಿದ್ದಾನೆ. ದೇವರ ತಲೆಯ ಮೇಲೆ ಹೂ ಇಟ್ಟು, ಬಲಕ್ಕೆ ಬಿತ್ತೋ ಎಡಕ್ಕೆ ಬಿತ್ತೋ ಎಂದು ನೋಡುವುದೂ ಅದೇ. ನಂಬಿದವನಿಗೆ ಮೊದಲೇ ತಿಳಿಯುವ ಹಂಬಲ ಇರುವುದಿಲ್ಲ. ಷಟ್‌ಸ್ಥಲದಲ್ಲಿ ಭಕ್ತ, ಮಹೇಶ ಆದ ಮೇಲೆ ಪ್ರಸಾದಿ ಬರುತ್ತಾನೆ. ಬಂದದ್ದನ್ನು ಪ್ರಸಾದವೆಂದು ಸ್ವೀಕರಿಸುವವನು ಪ್ರಸಾದಿ. ಪಂಕ್ತಿಯಲ್ಲಿ ಕೂತವನು ಬಡಿಸುವವರ ಕೈ ಹಿಡಿದು "ನನಗೆ ಮೊದಲು" ಎನ್ನುವುದಿಲ್ಲ.

ಕೆರೆ ಕಟ್ಟಿದ ಶರಣರೊಬ್ಬರಿದ್ದಾರೆ, ಸೊನ್ನಲಿಗೆಯ ಸಿದ್ಧರಾಮೇಶ್ವರರು. ಎಂಜಿನಿಯರನಾಗಿ ನನಗೆ ಅವರ ಮೇಲೆ ವಿಶೇಷ ಭಕ್ತಿ. ಕೆರೆ, ಕಟ್ಟೆ, ಗುಡಿ ಎಂದು ಲೋಕೋಪಕಾರ ಮಾಡಿ ಹೆಸರಾಗಿದ್ದರು. ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಇಷ್ಟೆಲ್ಲ ಕಟ್ಟಿದ ನಿನ್ನೊಳಗೆ ಏನಾಗಿದೆ ಎಂಬ ಅರ್ಥದಲ್ಲಿ ಕಠಿಣವಾಗಿ ಕೇಳಿ, ಅವರನ್ನು ಕಲ್ಯಾಣಕ್ಕೆ ಕರೆತಂದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಅಷ್ಟು ದೊಡ್ಡ ಯೋಗಿಗೆ ಇಷ್ಟಲಿಂಗ ದೀಕ್ಷೆ ದೊರೆತದ್ದು ಅಲ್ಲಿ, ವಯಸ್ಸಿನಲ್ಲಿ ಚಿಕ್ಕವರಾದ ಚೆನ್ನಬಸವಣ್ಣನವರಿಂದ. ಹೊತ್ತು ಬಂದಾಗ ಸಿದ್ಧರಾಮರು "ಇಷ್ಟು ತಡವಾಗಿ ಯಾಕೆ" ಎನ್ನಲಿಲ್ಲ, ತಲೆಬಾಗಿ ಪಡೆದರು.

ಈಗ ಎರಡನೆಯ ವಿಷಯಕ್ಕೆ ಬರುತ್ತೇನೆ. ಹೇಳಲು ನಾಚಿಕೆ ಆಗುವ ಭಾಗ ಇದು.

1998ರ ಮಾತು. ಒಂದು ಊರಿನಲ್ಲಿ ನಾನು ಅಧಿಕಾರಿ. ನಮ್ಮ ಕೈಕೆಳಗೆ ಒಬ್ಬ ವಾಲ್‌ಮನ್ ಇದ್ದ. ನಸುಕಿನಲ್ಲಿ ಎದ್ದು ಊರಿಗೆ ನೀರು ಬಿಡುವ ಕಾಯಕ ಅವನದು. ಅವನೇ ಹೆಚ್ಚು ಮಾತಿನವನಲ್ಲ, ನನಗೂ ಅವನ ಬಗ್ಗೆ ಹೆಚ್ಚು ಗೊತ್ತಿರಲಿಲ್ಲ. ಒಂದು ದಿನ ಬೆಳಿಗ್ಗೆ ಇಷ್ಟಲಿಂಗ ಪೂಜೆಗೆ ಕೂತೆ. ಕರಸ್ಥಲದಲ್ಲಿ ಲಿಂಗ ಇಟ್ಟು ದೃಷ್ಟಿ ನಿಲ್ಲಿಸಿದರೆ ಅವನ ಮುಖ ಬಂತು. ಮನಸ್ಸು ಚಂಚಲವಾಯಿತು ಎಂದು ಬದಿಗೆ ಸರಿಸಿದೆ. ಮರುದಿನ ಮತ್ತೆ ಬಂತು. ಮೂರನೇ ದಿನವೂ ಬಂತು. ನನಗೆ ಸಿಟ್ಟು ಬಂತು. "ಆಫೀಸಿನ ಕಾಟ ಪೂಜೆಗೂ ಬಂತಲ್ಲ" ಎಂದುಕೊಂಡು, ಲಿಂಗದ ಮೇಲೆ ದೃಷ್ಟಿ ಇನ್ನೂ ಗಟ್ಟಿಯಾಗಿ ನೆಟ್ಟೆ. ಆ ಮುಖ ಹೋಯಿತು. ಆ ದಿನ ಏಕಾಗ್ರತೆ ಚೆನ್ನಾಗಿ ಬಂತೆಂದು ಹೆಮ್ಮೆಯಿಂದ ಎದ್ದೆ.

ನಾಲ್ಕನೇ ದಿನ ಅವನು ಕೆಲಸಕ್ಕೆ ಬರಲಿಲ್ಲ. ಅವನ ಹೆಂಡತಿ ತೀರಿಕೊಂಡಿದ್ದಳು. ಬಹಳ ದಿನದಿಂದ ಕಾಯಿಲೆ ಇತ್ತಂತೆ. ಚಿಕಿತ್ಸೆಗೆಂದು ಜಿ.ಪಿ.ಎಫ್. ಮುಂಗಡಕ್ಕೆ ಅರ್ಜಿ ಹಾಕಿದ್ದ. ಅರ್ಜಿ ಎಲ್ಲಿತ್ತು? ನನ್ನ ಮೇಜಿನ ಮೇಲೆ, ಕಡತಗಳ ರಾಶಿಯ ಕೆಳಗೆ, ಸಹಿಗಾಗಿ ಕಾಯುತ್ತ. ಒಮ್ಮೆ ಬಾಗಿಲಲ್ಲಿ ನಿಂತು, "ಸಾಹೇಬ್ರ, ನಂದೊಂದ್ ಅರ್ಜಿ ಐತ್ರಿ" ಅಂದಿದ್ದ. "ನೋಡೋಣ" ಅಂದಿದ್ದೆ.

ಸಹಿ ಆಗಿದ್ದರೆ ಆ ತಾಯಿ ಬದುಕುತ್ತಿದ್ದಳೆ? ನನಗೆ ಗೊತ್ತಿಲ್ಲ. ಪೂಜೆಯಲ್ಲಿ ನಾನು ಪ್ರಾರ್ಥಿಸಿದ್ದರೆ ಅವಳು ಎದ್ದು ಕೂಡುತ್ತಿದ್ದಳು ಎಂದು ಹೇಳುವವನೂ ನಾನಲ್ಲ. ಆದರೆ ಒಂದು ಮಾತು ಖಚಿತ. ಆ ಮೊದಲ ದಿನ ಅವನಿಗಾಗಿ ಎರಡು ನಿಮಿಷ ನಿಜವಾಗಿ ಪ್ರಾರ್ಥಿಸಿದ್ದರೆ, ಆಫೀಸಿಗೆ ಹೋದವನು "ಏನಪಾ, ಹೆಂಗದಿ?" ಎಂದು ಕೇಳುತ್ತಿದ್ದೆ. ಕೇಳಿದ್ದರೆ ಅರ್ಜಿ ನೆನಪಾಗುತ್ತಿತ್ತು. ನೆನಪಾಗಿದ್ದರೆ ಸಹಿ ಆಗುತ್ತಿತ್ತು. ಲಿಂಗವನ್ನು ನೋಡಬೇಕೆಂದು ಲಿಂಗವೇ ತೋರಿಸಿದ ಜಂಗಮನನ್ನು ನಾನು ಹೊರಗೆ ಹಾಕಿದೆ. ನನ್ನ ಪೂಜೆ ಕೆಟ್ಟದ್ದು ಅವನ ಮುಖದಿಂದಲ್ಲ, ನನ್ನ ಏಕಾಗ್ರತೆಯಿಂದ.

ಅವನ ಮನೆಗೆ ಹೋಗಿ ಕೂತೆ. ತಪ್ಪು ಒಪ್ಪಿಕೊಂಡೆ. ಅವನು ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. "ಚಾ ತಗೋರಿ ಸಾಹೇಬ್ರ" ಅಂದ.

ಅಂದಿನಿಂದ ಒಂದು ವ್ರತ ಹಿಡಿದೆ. ಪೂಜೆಯಲ್ಲಿ ಯಾರು ನೆನಪಾದರೂ ತಳ್ಳುವುದಿಲ್ಲ. ಅವರನ್ನೂ ಅಂಗೈಯ ಲಿಂಗದ ಎದುರು ತಂದು, "ದೇವಾ, ಇವರಿಗೆ ಒಳಿತಾಗಲಿ, ನನ್ನಿಂದ ಆಗಬೇಕಾದದ್ದು ಏನಾದರೂ ಇದ್ದರೆ ತೋರಿಸು" ಎಂದು ಕೇಳುತ್ತೇನೆ. ಅದೇ ದಿನ, ಹೊತ್ತು ಮುಳುಗುವುದರೊಳಗೆ, ಅವರನ್ನು ವಿಚಾರಿಸುತ್ತೇನೆ. ಹತ್ತರಲ್ಲಿ ಎಂಟು ಸಲ ಏನೂ ಇರುವುದಿಲ್ಲ. "ಸುಮ್ನ ನೆನಪಾತು, ಫೋನ್ ಮಾಡಿದೆ" ಎನ್ನುತ್ತೇನೆ. ಅವರಿಗೂ ಸಂತೋಷ, ನನಗೂ ಸಂತೋಷ. ಅಜ್ಜ ಹಿಂದಕ್ಕೆ ನಡೆದಾಗಲೂ ಚಕ್ಕಡಿ ಸುರಕ್ಷಿತವಾಗಿಯೇ ಬರುತ್ತಿದ್ದಿರಬಹುದಲ್ಲ. ಹಾಗಿದ್ದರೆ ಆ ನಡಿಗೆ ವ್ಯರ್ಥವೆ?

2021ರ ಮೇ ತಿಂಗಳು, ಕೊರೊನಾದ ಎರಡನೇ ಅಲೆ. ಲಾಕ್‌ಡೌನ್. ಒಂದು ದಿನ ನಸುಕಿನಲ್ಲಿ ಎಚ್ಚರವಾಯಿತು. ನೆನಪಾದವನು ಯಾರು ಗೊತ್ತೆ? ನವಲಗುಂದ ಕಡೆಯ ಒಬ್ಬ ಮೇಸ್ತ್ರಿ. ಇಪ್ಪತ್ತು ವರ್ಷದಿಂದ ನಮಗೆ ಮಾತಿರಲಿಲ್ಲ. ಅವನು ಕಟ್ಟಿದ ಒಂದು ಸಿಡಿ ಸರಿ ಇಲ್ಲವೆಂದು ನಾನು ಒಡೆಸಿದ್ದೆ. ಒಡೆಸಿದ್ದು ಸರಿಯೇ. ಆದರೆ ಅವನ ಆಳುಗಳ ಎದುರು, ಅವನ ಮಗನ ಎದುರು, ನಾನು ಆಡಿದ ಮಾತು ಸರಿ ಇರಲಿಲ್ಲ. ಪ್ರಾರ್ಥಿಸಲು ಕೂತರೆ ಮನಸ್ಸು ಒಪ್ಪಲಿಲ್ಲ. "ಅವನೇ ಮೊದಲು ಮಾತಾಡಲಿ" ಎಂದಿತು. ವಾಲ್‌ಮನ್‌ನ ಮುಖ ಕಣ್ಣ ಮುಂದೆ ಬಂತು. ಪ್ರಾರ್ಥಿಸಿದೆ. ಬೆಳಗಾದ ಮೇಲೆ ನಂಬರ್ ಹುಡುಕಿ ಫೋನ್ ಮಾಡಿದೆ. ಮಗ ಎತ್ತಿದ. ಅಪ್ಪ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ, ಆಕ್ಸಿಜನ್ ಹಾಕಿದ್ದಾರೆ ಅಂದ. "ನಾ ಮಾಡಿದ್ದು ತಪ್ಪು ಅಂತ ಅಪ್ಪಗ ಹೇಳಪಾ" ಅಂದೆ. ಮಗ ಹೇಳಿದ.

ದಿನವೂ ಪ್ರಾರ್ಥಿಸಿದೆ, ದಿನವೂ ಫೋನ್ ಮಾಡಿದೆ. ಔಷಧಿಗೆ ಆಗುವಷ್ಟು ನೆರವಾದೆ. ಎಂಥ ಪ್ರಾರ್ಥನೆ ಅಂದರೆ, ನನ್ನ ಮಕ್ಕಳಿಗಾಗಿಯೂ ಅಷ್ಟು ಮಾಡಿರಲಿಲ್ಲ. ಹನ್ನೆರಡನೇ ದಿನ ಅವನು ಲಿಂಗೈಕ್ಯನಾದ.

ನನಗೆ ದೇವರ ಮೇಲೆ ಕೋಪ ಬಂತು ಎಂದು ಅಪ್ಪಗಳ ಎದುರು ಒಪ್ಪಿಕೊಳ್ಳುತ್ತೇನೆ. ನೀನೇ ಎಬ್ಬಿಸಿದೆ, ನೀನೇ ಪ್ರಾರ್ಥಿಸಲು ಹೇಳಿದೆ, ಆಮೇಲೆ ಕರೆದುಕೊಂಡೆ, ಇದೇನು ನ್ಯಾಯ ಎಂದು ಕೇಳಿದೆ. ತಿಂಗಳಾದ ಮೇಲೆ ಮಗ ಮನೆಗೆ ಬಂದ. ಹೇಳಿದ್ದು ಇಷ್ಟು: "ನಿಮ್ಮ ಮಾತು ಅಪ್ಪಗ ಮುಟ್ಟಿಸಿದೆ. ಅಪ್ಪ ಕಣ್ಣಾಗ ನೀರ ತಂದ. ಸಿಡಿ ಖರೇನ ಸರಿ ಇರಲಿಲ್ಲ ಅಂತ ಸಾಹೇಬ್ರಿಗೆ ಹೇಳು ಅಂದ."

ನಾನು ಕೇಳಿದ್ದು ಆಯುಷ್ಯ. ದೊರೆತದ್ದು ಹನ್ನೊಂದು ದಿನ. ಇಪ್ಪತ್ತು ವರ್ಷದ ಗಂಟು ಬಿಚ್ಚಲು ಹನ್ನೊಂದು ದಿನ ಸಾಕಾದವು. ನಾನು ಆ ನಸುಕಿನಲ್ಲಿ ಮಗ್ಗುಲು ಬದಲಿಸಿ ಮಲಗಿದ್ದರೆ ಆ ಹನ್ನೊಂದು ದಿನವೂ ಇರುತ್ತಿರಲಿಲ್ಲ. ಇದೇ ದೇವರ ಉದ್ದೇಶ ಎಂದು ನಾನು ತೀರ್ಪು ಕೊಡುವುದಿಲ್ಲ. ಆ ಮನೆಯ ತಾಯಿ ಇಂದಿಗೂ ದುಃಖದಲ್ಲಿದ್ದಾಳೆ, ಅವಳ ಎದುರು ನನ್ನ ಸಮಾಧಾನದ ಮಾತು ಬಹಳ ಸಣ್ಣದು. ಆದರೆ ಹೊತ್ತು ದೇವರದು ಎಂದರೆ ಏನೆಂದು ನನಗೆ ಆಗ ತಿಳಿಯಿತು. ಫಲದ ಹೊತ್ತು ಅವನ ಕೈಯಲ್ಲಿದೆ. ಓಗೊಡುವ ಹೊತ್ತು ಮಾತ್ರ ನಮ್ಮ ಕೈಯಲ್ಲಿದೆ, ಮತ್ತು ಅದು ಯಾವಾಗಲೂ ಈಗಲೇ.

ನಾಡೇ ಸೇರಿ ಪ್ರಾರ್ಥಿಸಿದ ಒಂದು ಸಂದರ್ಭವನ್ನು ನೆನಪಿಸುತ್ತೇನೆ. ತುಮಕೂರಿನ ಸಿದ್ಧಗಂಗಾ ಮಠದ ಡಾ. ಶಿವಕುಮಾರ ಮಹಾಸ್ವಾಮಿಗಳ ಆರೋಗ್ಯಕ್ಕಾಗಿ 2019ರ ಜನವರಿಯಲ್ಲಿ ಎಷ್ಟು ಜನ ಪ್ರಾರ್ಥಿಸಿದರು! ಜಾತಿ, ಮತ ನೋಡದೆ ಪ್ರಾರ್ಥಿಸಿದರು. 111 ವರ್ಷ ಬಾಳಿದ ಪೂಜ್ಯರು ಆ ತಿಂಗಳ 21ರಂದು ಲಿಂಗೈಕ್ಯರಾದರು. ಆದರೆ ಸುದ್ದಿಯನ್ನು ಕೂಡಲೇ ಹೇಳಲಿಲ್ಲ. ಮಠದ ಮಕ್ಕಳ ಮಧ್ಯಾಹ್ನದ ಪ್ರಸಾದ ಮುಗಿದ ಮೇಲೆ ಹೇಳಿದರು. ಹಾಗೆಯೇ ಆಗಬೇಕೆಂಬುದು ಪೂಜ್ಯರ ಇಚ್ಛೆಯಾಗಿತ್ತು. ಮಕ್ಕಳು ಹಸಿದು ಏಳಬಾರದು. ನಾವು ಅವರಿಗಾಗಿ ಪ್ರಾರ್ಥಿಸುತ್ತಿದ್ದೆವು, ಅವರು ತಮ್ಮ ಕೊನೆಯ ಹೊತ್ತಿನಲ್ಲೂ ಸಾವಿರಾರು ಮಕ್ಕಳ ಹಸಿವನ್ನು ನೆನೆದಿದ್ದರು. ಪ್ರಾರ್ಥನೆ ದಾಸೋಹವಾಗುವುದು ಅಂದರೆ ಅದು.

ಇನ್ನು ಒಂದು ಪ್ರಶ್ನೆ ಉಳಿಯುತ್ತದೆ. ಒಳಗಿನಿಂದ ಬಂದದ್ದೆಲ್ಲ ದೇವರ ಪ್ರೇರಣೆಯೆ? ಅಲ್ಲ. ನಮ್ಮ ಭಯವೂ ಒಳಗಿನಿಂದಲೇ ಬರುತ್ತದೆ, ಆಸೆಯೂ ಒಳಗಿನಿಂದಲೇ ಬರುತ್ತದೆ. ಸಿಮೆಂಟ್ ಬಂದರೆ ಪರೀಕ್ಷೆ ಮಾಡದೆ ಬಳಸಬಾರದು ಎಂದು ನಾವು ಕಲಿತವರು. ಪ್ರೇರಣೆಗೂ ನಾನು ಕೆಲವು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಮೊದಲನೆಯದು, ಇದರಿಂದ ಲಾಭ ಯಾರಿಗೆ? ನನಗೇ ಲಾಭ ಆಗುವಂತಿದ್ದರೆ ಅದು ನನ್ನ ಆಸೆ. ಎರಡನೆಯದು, ಇದು ನನ್ನಿಂದ ಏನಾದರೂ ಕೇಳುತ್ತದೆಯೆ? ಸಮಯ, ಹಣ, ಕ್ಷಮೆ, ಏನನ್ನೂ ಕೇಳದ ಪ್ರೇರಣೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಮೂರನೆಯದು, ಇದರಿಂದ ಯಾರಿಗಾದರೂ ಭಯವಾಗುತ್ತದೆಯೆ? "ನನಗೆ ದೇವರು ತೋರಿಸಿದ್ದಾನೆ, ನಿಮ್ಮ ಮನೆಯಲ್ಲಿ ಕೆಡುಕಿದೆ" ಎಂದು ಹೇಳುವವನು ಶರಣನಲ್ಲ, ಅವನಿಂದ ದೂರ ಇರಿ. ಪ್ರಾರ್ಥನೆಗೆ ದುಡ್ಡು ಕೇಳುವವನಿಂದ ಇನ್ನೂ ದೂರ ಇರಿ. ಮತ್ತು ಪ್ರಾರ್ಥನೆ ವೈದ್ಯರ ಬದಲಿಗೆ ಅಲ್ಲ. ಜ್ವರ ಬಂದವರನ್ನು ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಪ್ರಾರ್ಥನೆಯನ್ನು ದಾರಿಯಲ್ಲೇ ಮಾಡಬಹುದು.

ಶರಣ ಬಂಧುಗಳೆ, ನಾವು ಪ್ರತಿ ತಿಂಗಳು ಸಾಮೂಹಿಕ ಪ್ರಾರ್ಥನೆ ಮಾಡುತ್ತೇವೆ. ಸಕಲರಿಗೂ ಲೇಸಾಗಲಿ ಎನ್ನುತ್ತೇವೆ. ಒಳ್ಳೆಯದು. ಆದರೆ ಸಕಲರು ಎಂದರೆ ಯಾರೂ ಅಲ್ಲ ಎಂದಾಗಬಾರದು. ಸಕಲರಲ್ಲಿ ಒಬ್ಬರಿಗೆ ಹೆಸರು ಇರಬೇಕು. ಅದಕ್ಕೆ ನನ್ನದೊಂದು ವಿನಂತಿ. ಇಂದು ಮನೆಗೆ ಹೋದ ಮೇಲೆ, ನಾಳೆಯ ಪೂಜೆಯಲ್ಲಿ, ನಿಮ್ಮ ಮನೆಯವರಲ್ಲದ, ನಿಮ್ಮ ಜಾತಿಯವರೇ ಆಗಬೇಕೆಂದಿಲ್ಲದ ಒಬ್ಬರನ್ನು ನೆನೆಯಿರಿ. ಹೊಲಕ್ಕೆ ಕೂಲಿಗೆ ಬರುವ ಅಕ್ಕ ಇರಬಹುದು, ಗೋವಿನಜೋಳದ ಸಾಲ ತೀರಿಸಲಾಗದ ತಮ್ಮ ಇರಬಹುದು, ನಿಮ್ಮ ಜೊತೆ ಬದುವಿನ ಜಗಳ ಮಾಡಿದವನೇ ಇರಬಹುದು. ಪ್ರಾರ್ಥಿಸಿ. ಆಮೇಲೆ ಸಂಜೆಯೊಳಗೆ ಅವರ ಬಾಗಿಲಿಗೆ ಹೋಗಿ "ಹೆಂಗದೀರಿ?" ಎಂದು ಕೇಳಿ. ಏನೂ ಇಲ್ಲ, ಆರಾಮ ಇದ್ದೇವೆ ಎಂದರೆ ಒಂದು ಲೋಟ ಚಹಾ ಕುಡಿದು ಬನ್ನಿ. ಉಳಿದದ್ದನ್ನು ದೇವರಿಗೆ ಬಿಡಿ.

ಮುಂದಿನ ತಿಂಗಳು ಕೂಡಿದಾಗ ಏನು ಪವಾಡ ಆಯಿತು ಎಂದು ಯಾರೂ ಹೇಳಬೇಕಾಗಿಲ್ಲ. ಯಾರ ಮನೆಗೆ ಹೋಗಿದ್ದೆ ಎಂದು ಹೇಳಿದರೆ ಸಾಕು.

ತಪ್ಪು ಮಾತಾಡಿದ್ದರೆ ಹಿರಿಯರು ತಿದ್ದಬೇಕು.